ಕಾಣುವುದರಲ್ಲಿ ಹುಂಡೈ ಜಾಣ, ಕಾಣದ್ದರಲ್ಲಿ?

ಹುಂಡೈ ಕಾರು ಇಟ್ಟುಕೊಂಡವರನ್ನು ಮಾತಿಗೆಳೆದು ನೋಡಿ. ಮೊದಲ ಮಾತು, ‘ಗಾಡಿ ಸೂಪರ್ ಇದೆ’. ಎರಡನೇ ಮಾತು ಸ್ವಲ್ಪ ತಡ. ಕಾಫಿ ಅರ್ಧ ಲೋಟಕ್ಕೆ ಇಳಿದ ಮೇಲೆ ಬರುತ್ತದೆ. ‘ಆದ್ರೆ ವಾರಂಟಿ ಮುಗಿಯೋದ್ರೊಳಗೆ ಕೊಟ್ಟುಬಿಡೋದು ವಾಸಿ.’ ಒಬ್ಬರೇ ಮನುಷ್ಯ, ಒಂದೇ ಕಾರು, ಎರಡು ಮಾತು. ಟೊಯೊಟಾ ಇಟ್ಟುಕೊಂಡವರು ಹೀಗೆ ಹೇಳುವುದು ಕಡಿಮೆ. ಅವರು ‘ಒಳಗೆ ಏನೂ ಇಲ್ಲ ರೀ, ಖಾಲಿ ಡಬ್ಬ’ ಅಂತ ಗೊಣಗುತ್ತಾರೆ. ಹಾಗೆ ಗೊಣಗುತ್ತಲೇ ಹದಿನೈದು ವರ್ಷ ಓಡಿಸುತ್ತಾರೆ.

ಹುಂಡೈ ವಿಷಯದಲ್ಲಿ ಈ ಹೊಗಳಿಕೆ ಮತ್ತು ಅನುಮಾನ ಯಾಕೆ ಜೋಡಿಯಾಗಿ ಬರುತ್ತವೆ? ಕಂಪನಿಯ ಕಥೆಯನ್ನು ಬುಡದಿಂದ ನೋಡಿಕೊಂಡು ಬಂದರೆ ನನಗೆ ಕಾಣುವ ಉತ್ತರ ಇದು. ಗಿರಾಕಿಯ ಕಣ್ಣಿಗೆ ಬೀಳುವ ವಿಷಯದಲ್ಲಿ ಇಷ್ಟು ಬೇಗ ಕಲಿಯುವ ಕಂಪನಿ ಇನ್ನೊಂದಿಲ್ಲ. ಕಣ್ಣಿಗೆ ಬೀಳದ ಜಾಗದಲ್ಲಿ ಮಾತ್ರ, ಯಾರಾದರೂ ಬೆರಳಿಟ್ಟು ತೋರಿಸುವ ತನಕ ಅದು ಸುಮ್ನೆ ಇರುತ್ತದೆ.

ಶುರುವಾದದ್ದು ಒಂದು ಹಸುವಿನಿಂದ. ಸ್ಥಾಪಕ ಚಂಗ್ ಜು-ಯಂಗ್ 1915ರಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿರುವ ಹಳ್ಳಿಯಲ್ಲಿ ಹುಟ್ಟಿದ ರೈತನ ಮಗ. ಅಪ್ಪ ಹಸು ಮಾರಿ ಇಟ್ಟಿದ್ದ ದುಡ್ಡು ಎತ್ತಿಕೊಂಡು ಸೋಲ್ ನಗರಕ್ಕೆ ಓಡಿಹೋದವರು. ಅಲ್ಲಿ ಅಕ್ಕಿ ಅಂಗಡಿ, ಆಮೇಲೆ ಕಾರು ರಿಪೇರಿ ಗ್ಯಾರೇಜು, ಆಮೇಲೆ ಕಟ್ಟಡದ ಗುತ್ತಿಗೆ. 1998ರಲ್ಲಿ, ಎಂಬತ್ತು ದಾಟಿದ ಮೇಲೆ, ಲಾರಿಗಳಲ್ಲಿ ದನ ತುಂಬಿಸಿಕೊಂಡು ಗಡಿ ದಾಟಿ ಉತ್ತರ ಕೊರಿಯಾಕ್ಕೆ ಹೋದರು. ಜೂನ್‌ನಲ್ಲಿ 500, ಅಕ್ಟೋಬರ್‌ನಲ್ಲಿ 501. ಒಂದು ಅಪ್ಪನ ಸಾಲಕ್ಕೆ, ಸಾವಿರ ಬಡ್ಡಿಗೆ ಅಂತ ಜನ ಲೆಕ್ಕ ಹಾಕಿದರು.

ಹುಂಡೈ ಮೋಟಾರ್ ಹುಟ್ಟಿದ್ದು 1967ರಲ್ಲಿ. ಆ ಹೆಸರಿಗೆ ಕೊರಿಯನ್ ಭಾಷೆಯಲ್ಲಿ ‘ಈಗಿನ ಕಾಲದ್ದು’ ಅಂತ ಅರ್ಥ. ಮೊದಲಿಗೆ ಮಾಡಿದ್ದು ಫೋರ್ಡ್ ಕಂಪನಿಯ ಕೊರ್ಟಿನಾ ಕಾರಿನ ಜೋಡಣೆ, ಉಲ್ಸಾನ್ ಊರಿನಲ್ಲಿ. ಎಷ್ಟು ದಿನ ಇನ್ನೊಬ್ಬರ ಕಾರಿಗೆ ನಟ್ಟು ಬಿಗಿಯೋದು ಅನ್ನಿಸಿದಾಗ ಸ್ವಂತ ಕಾರಿಗೆ ಕೈ ಹಾಕಿದರು. ಕೈ ಹಾಕಿದ ರೀತಿ ಮಜವಾಗಿದೆ. ಬ್ರಿಟನ್ನಿನ ಬ್ರಿಟಿಷ್ ಲೇಲ್ಯಾಂಡ್ ಬಿಟ್ಟು ಬಂದ ಜಾರ್ಜ್ ಟರ್ನ್‌ಬುಲ್ ಅವರನ್ನು ಕರೆಸಿದರು. ಕಾರಿನ ರೂಪ ಬಿಡಿಸಿದ್ದು ಇಟಲಿಯ ಜಾರ್ಜೆಟೊ ಜುಜಾರೊ. ಇಂಜಿನ್ನು ಜಪಾನಿನ ಮಿತ್ಸುಬಿಷಿಯದು. ಹೀಗೆ ಊರೂರಿನಿಂದ ಸಾಮಾನು ತಂದು ಮಾಡಿದ ಅಡುಗೆಯೇ ಪೋನಿ. 1974ರಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1975ರ ಕೊನೆಗೆ ಕಾರ್ಖಾನೆಯಿಂದ ಹೊರಬಂತು. ಮರುವರ್ಷವೇ ಎಕ್ವಡಾರ್‌ಗೆ ಹೋಯಿತು.

ಆಗಲೇ ಗಮನಿಸಬೇಕಾದದ್ದು ಒಂದಿದೆ. ಕಣ್ಣಿಗೆ ಕಾಣುವ ರೂಪಕ್ಕೆ ಜಗತ್ತಿನ ದೊಡ್ಡ ಕೈಯನ್ನೇ ಹಿಡಿದರು. ಸ್ವಂತ ಇಂಜಿನ್ ಬರುವುದಕ್ಕೆ 1991ರವರೆಗೆ ಕಾಯಬೇಕಾಯಿತು.

1986ರಲ್ಲಿ ಅಮೆರಿಕ. ಎಕ್ಸೆಲ್ ಅನ್ನೋ ಪುಟ್ಟ ಕಾರು, ಬೆಲೆ 4,995 ಡಾಲರ್. ಮೊದಲ ವರ್ಷವೇ 1.68 ಲಕ್ಷ ಕಾರು ಮಾರಾಟ. ಹೊರದೇಶದ ಯಾವ ಕಂಪನಿಯೂ ಅಲ್ಲಿ ಮೊದಲ ವರ್ಷ ಅಷ್ಟು ಮಾರಿರಲಿಲ್ಲ. ಆದರೆ ಎರಡು ಮೂರು ಚಳಿಗಾಲ ಕಳೆಯುವಷ್ಟರಲ್ಲಿ ತುಕ್ಕು, ಇಂಜಿನ್ ತೊಂದರೆ, ಒಂದಾದ ಮೇಲೆ ಒಂದು. ರಾತ್ರಿ ಹೊತ್ತಿನ ಟಿವಿ ಕಾರ್ಯಕ್ರಮಗಳಲ್ಲಿ ಹುಂಡೈ ಹೆಸರು ಹೇಳಿದರೆ ಸಾಕು, ಜನ ನಗುತ್ತಿದ್ದರು. 1998ಕ್ಕೆ ಮಾರಾಟ 90 ಸಾವಿರದ ಆಸುಪಾಸಿಗೆ ಕುಸಿಯಿತು. ಅಂಗಡಿ ಮುಚ್ಚಿ ಹೊರಡುವ ಸ್ಥಿತಿ.

ಆಗ ತೆಗೆದುಕೊಂಡ ತೀರ್ಮಾನವೇ ಕಂಪನಿಯ ಹಣೆಬರಹ ಬದಲಿಸಿದ್ದು. ಇಂಜಿನ್ ಮತ್ತು ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ. ಉಳಿದವರಲ್ಲಿ ಹೆಚ್ಚಿನವರು ಮೂರು ಅಥವಾ ಐದು ವರ್ಷಕ್ಕೆ ನಿಲ್ಲಿಸುತ್ತಿದ್ದ ಕಾಲ ಅದು. ನಗೆಪಾಟಲಾಗಿದ್ದ ಕಂಪನಿ ಹತ್ತು ವರ್ಷದ ಮಾತು ಕೊಡುತ್ತಿದೆ ಅಂದರೆ ಹುಚ್ಚಾಟ ಅನ್ನಿಸಿರಬೇಕು. ಆದರೆ ಅದರ ಒಳಲೆಕ್ಕ ನೋಡಿ. ವಾರಂಟಿ ಉದ್ದ ಆದಷ್ಟೂ ಕೆಟ್ಟ ಭಾಗದ ಖರ್ಚು ಮಾಲೀಕನ ಜೇಬಿನಿಂದ ಕಂಪನಿಯ ಜೇಬಿಗೆ ಬರುತ್ತದೆ. ಏಳನೇ ವರ್ಷ ಕೆಡುವ ಬೇರಿಂಗು ಈಗ ಕಂಪನಿಯದೇ ತಲೆನೋವು. 1999ರಲ್ಲಿ ಚುಕ್ಕಾಣಿ ಹಿಡಿದ ಮಗ ಚಂಗ್ ಮೊಂಗ್-ಕೂ ಅದಕ್ಕೂ ಮುಂಚೆ ಕಂಪನಿಯ ಸರ್ವೀಸ್ ಸಂಸ್ಥೆಯನ್ನು ನಡೆಸಿದ್ದವರು. ಯಾವ ಕಾರು ಯಾವ ಕಾರಣಕ್ಕೆ ವಾಪಸ್ ಬರುತ್ತದೆ ಅಂತ ಮಾರಾಟದವರಿಗಿಂತ ಚೆನ್ನಾಗಿ ಗೊತ್ತಿತ್ತು. ಕಾಣದ ಭಾಗದ ಬಗ್ಗೆ ಹುಂಡೈ ಕೊಟ್ಟ ಮೊದಲ ಗಟ್ಟಿ ಮಾತು ಅದು. ಈವರೆಗಿನ ಅತಿ ಗಟ್ಟಿ ಮಾತೂ ಅದೇ ಅಂತ ನನ್ನ ಅನಿಸಿಕೆ.

ಕೆಲಸ ಮಾಡಿತು. 2004ರಲ್ಲಿ ಅಮೆರಿಕದ ಹೊಸ ಕಾರುಗಳ ಗುಣಮಟ್ಟದ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಹುಂಡೈ ಟೊಯೊಟಾಕ್ಕಿಂತ ಮೇಲೆ ಬಂತು. ಸುದ್ದಿ ಕೇಳಿ ಎಲ್ಲರೂ ಕಣ್ಣು ಉಜ್ಜಿಕೊಂಡರು. ಒಂದು ಸಣ್ಣ ವಿಷಯ ಮಾತ್ರ ಆ ಸಂಭ್ರಮದಲ್ಲಿ ಮರೆಯಿತು. ಆ ಸಮೀಕ್ಷೆ ಅಳೆಯುವುದು ಕಾರು ಕೊಂಡ ಮೊದಲ 90 ದಿನವನ್ನು. ಮದುವೆಯಾದ ಮೂರು ತಿಂಗಳಿಗೆ ‘ಸಂಸಾರ ಹೇಗಿದೆ’ ಅಂತ ಕೇಳಿದ ಹಾಗೆ.

2009ರ ಆರ್ಥಿಕ ಕುಸಿತದಲ್ಲಿ ಇನ್ನೊಂದು ಜಾಣತನ ತೋರಿಸಿದರು. ಕೆಲಸ ಹೋದರೆ ಕಾರು ವಾಪಸ್ ಕೊಡಿ, ಸಾಲದ ತಲೆನೋವು ನಮಗಿರಲಿ ಅಂದರು. ಅಮೆರಿಕದ ಇಡೀ ಕಾರು ಮಾರುಕಟ್ಟೆ ಐದರಲ್ಲಿ ಒಂದು ಭಾಗ ಕುಸಿದ ವರ್ಷ ಹುಂಡೈ ಮಾರಾಟ ಏರಿತು. ನಿಜವಾಗಿ ಕಾರು ವಾಪಸ್ ಕೊಟ್ಟವರು ಕೆಲವೇ ನೂರು ಮಂದಿ. ಗಿರಾಕಿಯ ಮನಸ್ಸು ಓದುವುದರಲ್ಲಿ ಇವರನ್ನು ಮೀರಿಸಲಾಗದು ಅಂದದ್ದು ಇದಕ್ಕೇ.

ನಮ್ಮ ಕಡೆ ಬರೋಣ. 1996ರ ಮೇ ತಿಂಗಳಲ್ಲಿ ಹುಂಡೈ ಮೋಟಾರ್ ಇಂಡಿಯಾ ಶುರುವಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಟೊಯೊಟಾ ನಮ್ಮ ಬಿಡದಿಗೆ ಬಂತು. ಹುಂಡೈ ಹೋದದ್ದು ತಮಿಳುನಾಡಿನ ಇರುಂಗಾಟ್ಟುಕೋಟೈಗೆ. ಬೆಂಗಳೂರಿಂದ ಚೆನ್ನೈಗೆ ರಸ್ತೆಯಲ್ಲಿ ಹೋದವರು ಶ್ರೀಪೆರಂಬದೂರು ದಾಟಿದ ಮೇಲೆ ಆ ಕಾರ್ಖಾನೆ ನೋಡಿಯೇ ಇರುತ್ತೀರಿ. 1998ರ ಸೆಪ್ಟೆಂಬರ್‌ನಲ್ಲಿ ಸ್ಯಾಂಟ್ರೊ ಬಂತು. ಕೊರಿಯಾದ ಆಟೊಸ್ ಕಾರನ್ನು ನಮ್ಮ ರಸ್ತೆಗೆ, ನಮ್ಮ ಕಣ್ಣಿಗೆ ತಕ್ಕಂತೆ ತಿದ್ದಿ ತಂದದ್ದು. ನೋಡಲು ಡಬ್ಬಿ ಥರ ಎತ್ತರ. ಚೆಂದ ಅಂತ ಯಾರೂ ಹೇಳಲಿಲ್ಲ. ಆದರೆ ಆ ಎತ್ತರವೇ ಅದರ ಗುಟ್ಟಾಗಿತ್ತು. ಮಾರುತಿ 800ರಲ್ಲಿ ಕೂರುವುದೆಂದರೆ ಕೆಳಕ್ಕೆ ಇಳಿದು ತೂರಿಕೊಳ್ಳಬೇಕಿತ್ತು. ಸ್ಯಾಂಟ್ರೊದಲ್ಲಿ ಕುರ್ಚಿಗೆ ಕೂತಂತೆ ಪಕ್ಕಕ್ಕೆ ತಿರುಗಿ ಕೂತರೆ ಆಯಿತು. ಮಂಡಿನೋವಿನ ನಮ್ಮಮ್ಮ ಸೀರೆ ಒಂಚೂರು ಎತ್ತಿ ಹಿಡಿದು, ಯಾರ ಕೈಯ ಆಸರೆಯೂ ಇಲ್ಲದೆ ಹತ್ತಿದ ಮೊದಲ ಕಾರು ಅದು. ಇಂಜಿನ್ನಿನ ಅಶ್ವಶಕ್ತಿ ಎಷ್ಟು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ.

ಅದೇ ವರ್ಷ ಇನ್ನೊಂದು ಕೊರಿಯನ್ ಕಂಪನಿ ಡೇವೂ ಮಾಟಿಜ್ ಕಾರು ತಂದಿತ್ತು. ಅದು ನೋಡಲು ಮುದ್ದಾಗಿತ್ತು ಕೂಡ. ತಾಯಿ ಕಂಪನಿ ಕೊರಿಯಾದಲ್ಲಿ ಸಾಲದಲ್ಲಿ ಮುಳುಗಿ, ಇಲ್ಲಿನ ಘಟಕವೂ ಬಾಗಿಲು ಹಾಕಿತು. ಕೊಂಡವರು ಬಿಡಿಭಾಗಕ್ಕೆ ಅಲೆದರು. ಹುಂಡೈ ಉಳಿದುಕೊಂಡಿತು, ಆಕ್ಸೆಂಟ್, ಗೆಟ್ಜ್, ಐ10, ಐ20 ಅಂತ ಒಂದೊಂದೇ ಮೆಟ್ಟಿಲು ಹತ್ತಿತು. 2015ರಲ್ಲಿ ಬಂದ ಕ್ರೆಟಾ ಒಂದೇ 2024ರ ಹೊತ್ತಿಗೆ ದೇಶದೊಳಗೆ 10 ಲಕ್ಷ ದಾಟಿತ್ತು.

ಇಲ್ಲಿನ ಮಾಲೀಕರು ಏನು ಹೇಳುತ್ತಾರೆ? ಮೆಚ್ಚುವುದು ಇವು. ಸ್ಟೀರಿಂಗ್ ಹಗುರ. ಎಸಿ ಹಾಕಿದ ತಕ್ಷಣ ತಣ್ಣಗಾಗುತ್ತದೆ. ಇಂಜಿನ್ ಸದ್ದಿಲ್ಲ. ಡೀಸೆಲ್ ಗಾಡಿ ಹೆದ್ದಾರಿಯಲ್ಲಿ ಚೆನ್ನಾಗಿ ಎಳೆಯುತ್ತದೆ. ತಾಲ್ಲೂಕು ಮಟ್ಟದ ಊರಲ್ಲೂ ಸರ್ವೀಸ್ ಸಿಗುತ್ತದೆ. ಮಾರಲು ಹೋದರೆ ಬೆಲೆ ಬರುತ್ತದೆ. ಸನ್‌ರೂಫ್ ಬಗ್ಗೆ ಹೇಳುವುದೇ ಬೇಡ, ಮಕ್ಕಳು ತಲೆ ಹೊರಗೆ ಹಾಕಿ ನಿಲ್ಲುವುದನ್ನು ಪ್ರತಿ ಭಾನುವಾರ ನಂದಿ ಬೆಟ್ಟದ ದಾರಿಯಲ್ಲಿ ನೋಡಬಹುದು. (ದಯವಿಟ್ಟು ಮಕ್ಕಳನ್ನು ಹಾಗೆ ನಿಲ್ಲಿಸಬೇಡಿ.) ಗೊಣಗುವುದು ಬೇರೆ ಕಡೆ. ಬಾಗಿಲ ತಗಡು ತೆಳು. ಹಳೆಯ ವರ್ನಾ ಹೆಚ್ಚು ವೇಗದಲ್ಲಿ ತೇಲುತ್ತಿತ್ತು. ಎರಡು ಕ್ಲಚ್ಚಿನ ಡಿಸಿಟಿ ಗೇರ್‌ಬಾಕ್ಸು ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ ಅನ್ನುವುದು ಇನ್ನೊಂದು ದೂರು. ಅದರ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದಲ್ಲ, ಒಣ ಕ್ಲಚ್ಚು. ಆಮೆ ವೇಗದಲ್ಲಿ ತೆವಳುವಾಗ ಅರ್ಧ ಒತ್ತಿದ ಸ್ಥಿತಿಯಲ್ಲೇ ಉಜ್ಜುತ್ತಿರುತ್ತದೆ, ಶಾಖ ಹೋಗಲು ಜಾಗವಿಲ್ಲ. ಹೆದ್ದಾರಿಯಲ್ಲಿ ಅದೇ ಗೇರ್‌ಬಾಕ್ಸು ಬೆಣ್ಣೆ.

ನೋಡಿ, ಮೆಚ್ಚುವುದರಲ್ಲಿ ಹೆಚ್ಚಿನದು ಶೋರೂಮ್‌ನಲ್ಲಿ, ಒಂದು ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗುವಂಥದ್ದು. ಗೊಣಗುವುದೆಲ್ಲ ಆಮೇಲೆ ಗೊತ್ತಾಗುವಂಥದ್ದು.

ಈ ‘ಆಮೇಲೆ’ ಎಷ್ಟು ದುಬಾರಿ ಆಗಬಹುದು ಅಂತ ತೋರಿಸಿದ್ದು ಅಮೆರಿಕದ ಥೀಟಾ 2 ಇಂಜಿನ್. ಸ್ವಲ್ಪ ಹತ್ತಿರದಿಂದ ನೋಡೋಣ. ಇಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ಅನ್ನೋ ದಪ್ಪ ಉಕ್ಕಿನ ದಂಡ ತಿರುಗುತ್ತಿರುತ್ತದೆ. ಪಿಸ್ಟನ್ನುಗಳನ್ನು ಅದಕ್ಕೆ ಸೇರಿಸುವುದು ಕನೆಕ್ಟಿಂಗ್ ರಾಡು. ಎರಡೂ ಕೂಡುವಲ್ಲಿ ಬೇರಿಂಗು, ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಆ ಎಣ್ಣೆ ಹರಿಯಲು ಕ್ರ್ಯಾಂಕ್‌ಶಾಫ್ಟಿನೊಳಗೇ ಸಣ್ಣ ದಾರಿ ಕೊರೆದಿರುತ್ತಾರೆ. ಕೊರೆಯುವಾಗ ಲೋಹದ ಚೂರು ಉದುರುತ್ತದೆ. ಅದನ್ನು ಒಂದೂ ಬಿಡದೆ ತೊಳೆದು ತೆಗೆಯಬೇಕು. ಅಲಬಾಮಾ ಕಾರ್ಖಾನೆಯಲ್ಲಿ ಆ ಕೆಲಸ ಸರಿಯಾಗಿ ಆಗಲಿಲ್ಲ. ಉಳಿದ ಚೂರು ಎಣ್ಣೆಯ ದಾರಿಗೆ ಅಡ್ಡ ನಿಂತಿತು. ಎಣ್ಣೆ ಸಿಗದ ಬೇರಿಂಗು ಸವೆಯಿತು. ಮೊದಲು ಟಕ್ ಟಕ್ ಸದ್ದು, ಆಮೇಲೆ ಒಂದು ದಿನ ಹೆದ್ದಾರಿ ಮಧ್ಯೆ ಇಂಜಿನ್ ಬಂದ್. ಕೆಲವಕ್ಕೆ ಬೆಂಕಿಯೂ ಹತ್ತಿತು.

2015ರಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ವಾಪಸ್ ಕರೆದರು. ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದರೇನೋ. ಕಂಪನಿಯಲ್ಲಿ 20 ವರ್ಷಕ್ಕೂ ಹೆಚ್ಚು ದುಡಿದಿದ್ದ ಇಂಜಿನಿಯರ್ ಕಿಮ್ ಗ್ವಾಂಗ್-ಹೋ ಸುಮ್ಮನಿರಲಿಲ್ಲ. 2016ರಲ್ಲಿ ಒಳಗಿನ ಕಾಗದಪತ್ರಗಳನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಗೆ ಕೊಟ್ಟರು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. 2017ರಲ್ಲಿ ಹುಂಡೈ, ಅದರದೇ ಬಳಗದ ಕಿಯಾ ಸೇರಿ ಇನ್ನೂ ಸುಮಾರು 12 ಲಕ್ಷ ಕಾರುಗಳನ್ನು ಕರೆಯಬೇಕಾಯಿತು. ಹಿಂದಕ್ಕೆ ಕರೆಯುವುದನ್ನು ತಡ ಮಾಡಿದ್ದಕ್ಕೆ 2020ರಲ್ಲಿ ಎರಡೂ ಕಂಪನಿಗೆ ಒಟ್ಟು 21 ಕೋಟಿ ಡಾಲರ್ ಹೊರೆ ಬಿತ್ತು. 2021ರಲ್ಲಿ ಆ ಇಲಾಖೆ ಕಿಮ್ ಅವರಿಗೆ 2.4 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ಕೊಟ್ಟಿತು. ಲೋಹದ ಚೂರಿಗೆ ಬೆರಳಿಟ್ಟು ತೋರಿಸಿದ ಕೂಲಿ.

ಇದರ ಬೆನ್ನಲ್ಲೇ ‘ಕಿಯಾ ಬಾಯ್ಸ್’ ರಗಳೆ. (ಕಿಯಾ ದಿವಾಳಿಯಾಗಿ 1998ರಿಂದ ಹುಂಡೈ ತೆಕ್ಕೆಯಲ್ಲಿದೆ.) ಸರಿಯಾದ ಕೀಲಿಯಲ್ಲದಿದ್ದರೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್ ಅನ್ನೋ ಚಿಪ್ ಇರುತ್ತದಲ್ಲ, ಅಮೆರಿಕದಲ್ಲಿ ಮಾರಿದ ಕೀಲಿ ತಿರುಗಿಸುವ ಕಡಿಮೆ ಬೆಲೆಯ ಕಾರುಗಳಿಗೆ ಇವರು ಅದನ್ನು ಹಾಕಿರಲಿಲ್ಲ. 2015ರ ಮಾಡೆಲ್ ಕಾರುಗಳಲ್ಲಿ ಬೇರೆ ಕಂಪನಿಗಳ 96 ಶೇಕಡಾಕ್ಕೆ ಅದಿತ್ತು, ಹುಂಡೈ-ಕಿಯಾದಲ್ಲಿ 26 ಶೇಕಡಾಕ್ಕೆ ಮಾತ್ರ. ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಕಾರು ಎಬ್ಬಿಸಿ ಓಡಿಸುವ ವೀಡಿಯೊ ಹಾಕತೊಡಗಿದರು. ಕೆಲವು ವಿಮಾ ಕಂಪನಿಗಳು ‘ಈ ಕಾರಿಗೆ ಆಗಲ್ಲ’ ಅಂತ ಕೈ ಎತ್ತಿದವು. 2023ರಲ್ಲಿ 83 ಲಕ್ಷ ಕಾರುಗಳಿಗೆ ಬಿಟ್ಟಿ ಸಾಫ್ಟ್‌ವೇರ್ ಕೊಡಬೇಕಾಯಿತು.

ಇದರಲ್ಲಿ ನನಗೆ ಹೊಟ್ಟೆ ಉರಿಯುವ ವಿಷಯ ಕಳ್ಳತನ ಅಲ್ಲ. ಪಕ್ಕದ ಕೆನಡಾದಲ್ಲಿ ಈ ಚಿಪ್ 2007ರಿಂದ ಕಡ್ಡಾಯ. ಅಲ್ಲಿ ಅದೇ ಕಂಪನಿ ಹಾಕಿಯೇ ಮಾರುತ್ತಿತ್ತು. ಮಾಡಲು ಬರುತ್ತಿರಲಿಲ್ಲ ಅಂತಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಕಾರು ಕೊಳ್ಳುವವರು ‘ಇಮೊಬಿಲೈಸರ್ ಇದೆಯಾ’ ಅಂತ ಯಾವತ್ತು ಕೇಳಿದ್ದಾರೆ?

ಹುಂಡೈ ಬಗ್ಗೆ ಎಲ್ಲರಿಗಿಂತ ಜಾಸ್ತಿ ಅನುಮಾನ ಇರುವುದು ಕೊರಿಯಾದಲ್ಲೇ ಅಂದರೆ ನಂಬುತ್ತೀರಾ? ‘ಹೊರದೇಶಕ್ಕೆ ಒಳ್ಳೆಯ ಕಾರು, ನಮಗೆ ತೆಳು ತಗಡು’ ಅನ್ನುವುದು ಅಲ್ಲಿನ ಹಳೆಯ ದೂರು. ಅದು ಎಷ್ಟು ಬೆಳೆಯಿತೆಂದರೆ, 2015ರ ಆಗಸ್ಟ್‌ನಲ್ಲಿ ಇಂಚಿಯಾನ್ ನಗರದ ಸೊಂಗ್ಡೊದಲ್ಲಿ ಜನರನ್ನು ಕೂರಿಸಿ, ಅಮೆರಿಕದಲ್ಲಿ ತಯಾರಾದ ಸೊನಾಟಾ ಮತ್ತು ಕೊರಿಯಾದಲ್ಲಿ ತಯಾರಾದ ಸೊನಾಟಾ ಎರಡನ್ನೂ ಎದುರುಬದುರಾಗಿ ಗುದ್ದಿಸಿ ತೋರಿಸಿದರು. ಎರಡೂ ಒಂದೇ ಥರ ನಜ್ಜುಗುಜ್ಜಾದವು, ಒಳಗಿನ ಬೊಂಬೆಗಳೂ ಹೆಚ್ಚುಕಡಿಮೆ ಒಂದೇ ಥರ ಪಾರಾದವು. ಹೊಸ ಕಾರು ಎರಡನ್ನು ಪುಡಿ ಮಾಡಿ ಸ್ವಂತ ಊರಿನವರನ್ನು ನಂಬಿಸಬೇಕಾದ ಕಂಪನಿ ಇನ್ನೊಂದಿದೆಯೋ ಇಲ್ಲವೋ.

ಅಂಥ ಪ್ರದರ್ಶನ ನಮ್ಮಲ್ಲಿ ಇಟ್ಟಿದ್ದರೆ? ಯುರೋಪಿನ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ತೆಗೆಯುವ ಕಂಪನಿಯೇ 2014ರಲ್ಲಿ ಇಲ್ಲಿನ ಐ10ಗೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ ಪಡೆಯಿತು. ಆ ಸಲ ಪರೀಕ್ಷೆಗೆ ಹೋದ ಬೇರೆ ಕಂಪನಿಗಳ ಕಾರುಗಳಿಗೂ ಸೊನ್ನೆಯೇ ಬಿತ್ತು ಅನ್ನುವುದನ್ನೂ ಹೇಳಬೇಕು. 2020ರಲ್ಲಿ ಗ್ರಾಂಡ್ ಐ10 ನಿಯೋಸ್‌ಗೆ ಎರಡು ಸ್ಟಾರ್. 2022ರಲ್ಲಿ ಕ್ರೆಟಾಗೆ ಮೂರು, ಜೊತೆಗೆ ‘ಬಾಡಿ ಶೆಲ್ ಗಟ್ಟಿ ಇಲ್ಲ’ ಅನ್ನುವ ಷರಾ. ಅಷ್ಟರಲ್ಲಿ ಟಾಟಾ ನೆಕ್ಸಾನ್, ಮಹೀಂದ್ರಾ ಎಕ್ಸ್‌ಯುವಿ 300 ಐದು ಸ್ಟಾರ್ ಹಿಡಿದು ಜಾಹೀರಾತು ಹಾಕುತ್ತಿದ್ದವು. ಸ್ಟಾರ್ ಅನ್ನೋದು ಮನೆಮಾತಾಯಿತು. ಸನ್‌ರೂಫ್ ಥರ ಅದೂ ಕಣ್ಣಿಗೆ ಕಾಣುವ ವಸ್ತುವಾಯಿತು.

ಆಮೇಲೆ ನೋಡಿ ವೇಗ. 2023ರ ಅಕ್ಟೋಬರ್‌ನಲ್ಲಿ ಹೊಸ ವರ್ನಾ ಐದು ಸ್ಟಾರ್. ಅದೇ ತಿಂಗಳು ಎಲ್ಲ ಕಾರುಗಳ ಎಲ್ಲ ಆವೃತ್ತಿಗೂ ಆರು ಏರ್‌ಬ್ಯಾಗು. 2024ರಲ್ಲಿ ನಮ್ಮ ದೇಶದ್ದೇ ಡಿಕ್ಕಿ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಟೂಸಾನ್‌ಗೂ ಐದು. ಮಾಡಲು ಬರುತ್ತಿತ್ತು ಅಂತ ಇಲ್ಲೂ ಗೊತ್ತಾಯಿತು, ಕೆನಡಾದ ಚಿಪ್ ಥರವೇ.

ಈಗ ಎಲೆಕ್ಟ್ರಿಕ್ ಕಾಲ. ಐಯಾನಿಕ್ 5 ಕಾರಿನ ಚೌಕಾಕಾರದ ಗೆರೆಗಳು ಆ ಹಳೆಯ ಪೋನಿಯ ನೆನಪಿನಿಂದಲೇ ಬಂದವು. ಬಹಳ ವೇಗದ ಚಾರ್ಜರ್ ಸಿಕ್ಕರೆ ಬ್ಯಾಟರಿ 10ರಿಂದ 80 ಶೇಕಡಾಕ್ಕೆ 18 ನಿಮಿಷದಲ್ಲಿ ಏರುತ್ತದೆ. ಕೊಂಡವರು ಪ್ರೀತಿಯಿಂದ ಮಾತಾಡುತ್ತಾರೆ, ಆಮೇಲೆ ಐಸಿಸಿಯು ಅನ್ನುವ ನಾಲ್ಕಕ್ಷರಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ. ದೊಡ್ಡ ಬ್ಯಾಟರಿಯಿಂದ ಸಣ್ಣ 12 ವೋಲ್ಟ್ ಬ್ಯಾಟರಿಗೆ ಕರೆಂಟು ಹಂಚುವ ಪೆಟ್ಟಿಗೆ ಅದು. ಅದು ಸುಟ್ಟರೆ ಸಣ್ಣ ಬ್ಯಾಟರಿ ಇಳಿಯುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಮೊದಲು ತೆವಳುತ್ತದೆ, ಆಮೇಲೆ ನಿಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಕಿಯಾ ಸೇರಿ ಸುಮಾರು 1.47 ಲಕ್ಷ ಕಾರು, ಆಮೇಲೆ ನಮ್ಮಲ್ಲಿ 1,744 ಕಾರು ವಾಪಸ್ ಕರೆಸಿದರು.

2024ರ ಅಕ್ಟೋಬರ್‌ನಲ್ಲಿ ಹುಂಡೈ ಇಂಡಿಯಾದ 27,870 ಕೋಟಿ ರೂಪಾಯಿಯ ಷೇರು ಬಿಡುಗಡೆ, ಅಲ್ಲಿಯವರೆಗೆ ದೇಶದಲ್ಲೇ ದೊಡ್ಡದು. ಅಷ್ಟೂ ದುಡ್ಡು ತಾಯಿ ಕಂಪನಿಗೆ ಹೋಯಿತು. ಮೊದಲ ದಿನವೇ ಷೇರು 1,960ರ ಬೆಲೆಗಿಂತ ಕೆಳಗೆ ಶುರುವಾಯಿತು. 2025ರಲ್ಲಿ ಎಷ್ಟೋ ತಿಂಗಳು ಮಹೀಂದ್ರಾ, ಟಾಟಾ ಎರಡೂ ಮಾರಾಟದಲ್ಲಿ ಹುಂಡೈಯನ್ನು ದಾಟಿದವು. 2026ರ ಜನವರಿಯಿಂದ ಮೊದಲ ಬಾರಿಗೆ ಭಾರತೀಯರೊಬ್ಬರು, ತರುಣ್ ಗರ್ಗ್, ಇಲ್ಲಿನ ಮುಖ್ಯಸ್ಥರು. 45,000 ಕೋಟಿ ಹೂಡುತ್ತೇವೆ, 26 ಹೊಸ ಮಾಡೆಲ್ ಮತ್ತು ಪರಿಷ್ಕೃತ ಮಾಡೆಲ್ ತರುತ್ತೇವೆ ಅಂತ ಕಂಪನಿ ಹೇಳಿದೆ. ಅಮೆರಿಕದವರಿಗೆ 1998ರಲ್ಲಿ ಕೊಟ್ಟ ಥರದ ಹತ್ತು ವರ್ಷದ ಮಾತು ಮಾತ್ರ ಆ ಪಟ್ಟಿಯಲ್ಲಿ ಕಾಣಲಿಲ್ಲ.

ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಸೆಕೆಂಡ್ ಹ್ಯಾಂಡ್ ಕ್ರೆಟಾ ನೋಡಲು ಕರೆದರೆ ಅವರದು ಒಂದೇ ಷರತ್ತು. ‘ಬೆಳಿಗ್ಗೆ ಏಳಕ್ಕೆ ಬರ್ತೀನಿ. ಅಲ್ಲೀವರೆಗೂ ಇಂಜಿನ್ ಸ್ಟಾರ್ಟ್ ಮಾಡಬಾರದು ಅಂತ ಮಾರೋನಿಗೆ ಹೇಳಿ.’ ಬಂದವರು ದೊಡ್ಡ ಪರದೆ ನೋಡುವುದಿಲ್ಲ, ಸನ್‌ರೂಫ್ ತೆಗೆಸುವುದಿಲ್ಲ. ಬಾನೆಟ್ ಎತ್ತಿ, ಎಣ್ಣೆ ಕಡ್ಡಿ ಎಳೆದು ಬೆರಳ ತುದಿಯಲ್ಲಿ ಎಣ್ಣೆ ಉಜ್ಜುತ್ತಾರೆ, ತರಿ ಸಿಗುತ್ತದಾ ಅಂತ. ಆಮೇಲೆ ಸ್ಟಾರ್ಟ್ ಮಾಡಿಸಿ, ಮೊದಲ ಹತ್ತು ಸೆಕೆಂಡು ಕಿವಿ ಕೊಟ್ಟು ನಿಲ್ಲುತ್ತಾರೆ. ಆ ಹತ್ತು ಸೆಕೆಂಡು ಅವರನ್ನು ಯಾರೂ ಮಾತಾಡಿಸುವ ಹಾಗಿಲ್ಲ.